ಓಗೇಮ್‌ನಲ್ಲಿ ಶತ್ರುಪಡೆಯ ಸುಳಿವು: ಪ್ರೋಬ್ ಸಾಕೇ, ಫ್ಯಾಲಂಕ್ಸ್ ಬೇಕೇ?

ಓಗೇಮ್‌ನಲ್ಲಿ ಪಡೆ ಕಟ್ಟುವುದಕ್ಕೆ ತಿಂಗಳುಗಳು ಹಿಡಿಯುತ್ತವೆ, ಕಳೆದುಕೊಳ್ಳುವುದಕ್ಕೆ ಒಂದು ರಾತ್ರಿ ಸಾಕು. ಆ ಒಂದು ರಾತ್ರಿಯ ಹಿಂದೆ ಯಾರೋ ಒಬ್ಬರು ಹಲವು ದಿನ ಕುಳಿತು ಲೆಕ್ಕ ಹಾಕಿರುತ್ತಾರೆ. ನೀವು ಯಾವಾಗ ಮಲಗುತ್ತೀರಿ, ನೌಕೆಗಳನ್ನು ಎಲ್ಲಿಂದ ಹೊರಡಿಸುತ್ತೀರಿ, ಎಷ್ಟು ಹೊತ್ತಿಗೆ ಅವು ಮರಳುತ್ತವೆ ಎಂಬುದೆಲ್ಲ ಅವರ ಬಳಿ ಬರೆದಿಟ್ಟಿರುತ್ತದೆ. 2002ರಲ್ಲಿ ಜರ್ಮನಿಯಲ್ಲಿ ಶುರುವಾದ ಈ ಬಾಹ್ಯಾಕಾಶ ಯುದ್ಧದ ಬ್ರೌಸರ್ ಆಟದಲ್ಲಿ ಚಿತ್ರ, ಸದ್ದು ಯಾವುದೂ ದೊಡ್ಡದಲ್ಲ. ಅಂಕಿ ಮತ್ತು ಗಡಿಯಾರ ಇವೆರಡೇ ಆಟ. ಹಾಗಾಗಿ ಇಲ್ಲಿ ಬೇಹುಗಾರಿಕೆ ಎಂದರೆ ಅಲಂಕಾರವಲ್ಲ, ಅರ್ಧ ಆಟವೇ ಅದು.

ಹೊಸಬರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಚಂದ್ರನ ಮೇಲೆ ಕುಳಿತು ಪಡೆಗಳ ಓಡಾಟ ನೋಡುವ ಸೆನ್ಸರ್ ಫ್ಯಾಲಂಕ್ಸ್ ಎಂಬ ಕಟ್ಟಡ ಕಟ್ಟಲೇ, ಅಥವಾ ಪ್ರೋಬ್ ಎಂಬ ಬೇಹು ನೌಕೆಗಳಲ್ಲೇ ನಡೆಸಲೇ? ಈ ಪ್ರಶ್ನೆಗೆ ನೇರ ಉತ್ತರ ಕೊಡುವುದು ಕಷ್ಟ, ಏಕೆಂದರೆ ಎರಡೂ ಬೇರೆ ಬೇರೆ ವಿಷಯಗಳನ್ನು ತಿಳಿಸುತ್ತವೆ. ಪಡೆಯಲ್ಲಿ ಏನೇನಿದೆ ಎಂಬುದನ್ನು ಪ್ರೋಬ್ ಹೇಳುತ್ತದೆ. ಅದು ಯಾವಾಗ ಮನೆ ಸೇರುತ್ತದೆ ಎಂಬುದನ್ನು ಫ್ಯಾಲಂಕ್ಸ್ ಹೇಳುತ್ತದೆ. ಯಜಮಾನ ಎಚ್ಚರವಾಗಿದ್ದಾನೆಯೇ ಎಂಬ ಮೂರನೆಯ ಪ್ರಶ್ನೆಯನ್ನು ಇವೆರಡೂ ಪೂರ್ತಿ ಬಿಡಿಸುವುದಿಲ್ಲ. ಅದಕ್ಕೆ ಬೇಕಾಗಿರುವುದು ಗ್ಯಾಲಕ್ಸಿ ನೋಟ, ಅಂದರೆ ಒಂದೊಂದು ಸೌರಮಂಡಲದ ಗ್ರಹಗಳನ್ನು ತೋರಿಸುವ ಪರದೆ, ಮತ್ತು ನೋಡುವವನ ತಾಳ್ಮೆ. ನನ್ನ ಅನುಭವದಲ್ಲಿ ಹೆಚ್ಚಿನ ದಾಳಿಗಳು ಹಾಳಾಗುವುದು ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ ಖುಷಿಯಲ್ಲಿ ಉಳಿದೆರಡನ್ನು ಮರೆತಾಗ.

ಗ್ಯಾಲಕ್ಸಿ ನೋಟ: ಅಗ್ಗದ ದಾರಿ

ಸಾಮಾನ್ಯವಾಗಿ ಒಂದು ಯೂನಿವರ್ಸ್‌ನಲ್ಲಿ, ಅಂದರೆ ಆಟದ ಒಂದು ಪ್ರತ್ಯೇಕ ಲೋಕದಲ್ಲಿ, 9 ಗ್ಯಾಲಕ್ಸಿಗಳು, ಪ್ರತಿಯೊಂದರಲ್ಲಿ 499 ಸೌರಮಂಡಲಗಳು, ಒಂದೊಂದು ಮಂಡಲದಲ್ಲಿ 15 ಗ್ರಹಗಳ ಜಾಗ. ನೀವು ಇರುವ ಮಂಡಲ ಬಿಟ್ಟು ಬೇರೆಯದನ್ನು ತೆರೆದರೆ 10 ಡ್ಯೂಟೀರಿಯಂ (ಮೆಟಲ್, ಕ್ರಿಸ್ಟಲ್‌ನಂತೆ ಆಟದ ಒಂದು ಸಂಪನ್ಮೂಲ) ಖರ್ಚು. ಅಷ್ಟೇ. ಎದುರಾಳಿಗೆ ಯಾವ ಸಂದೇಶವೂ ಹೋಗುವುದಿಲ್ಲ.

ಇಲ್ಲಿ ನೋಡಬೇಕಾದದ್ದು ಗ್ರಹದ ಪಕ್ಕದ ಚಟುವಟಿಕೆಯ ಗುರುತು. ಕಳೆದ 15 ನಿಮಿಷದೊಳಗೆ ಅಲ್ಲಿ ಏನಾದರೂ ನಡೆದಿದ್ದರೆ ಒಂದು ಚಿಹ್ನೆ ಇರುತ್ತದೆ. ಆಮೇಲೆ 59ರವರೆಗೆ ನಿಮಿಷಗಳ ಸಂಖ್ಯೆ ಕಾಣುತ್ತದೆ. ಒಂದು ಗಂಟೆ ದಾಟಿದ ಮೇಲೆ ಏನೂ ಇರುವುದಿಲ್ಲ. ಗ್ರಹಕ್ಕೂ ಅದರ ಚಂದ್ರನಿಗೂ ಪ್ರತ್ಯೇಕ ಗುರುತು ಎನ್ನುವುದು ಮುಖ್ಯ. ಎಷ್ಟೋ ಮಂದಿ ಗ್ರಹವನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ಪಡೆ ಇಟ್ಟವನು ಅದನ್ನು ಚಂದ್ರನ ಮೇಲೆಯೇ ಇಡುತ್ತಾನೆ ಎಂಬುದನ್ನು ಮರೆಯಬಾರದು.

ಒಂದು ಗುರುತಿನಿಂದ ಏನೂ ತಿಳಿಯುವುದಿಲ್ಲ. ಒಂದು ವಾರದ ಗುರುತುಗಳನ್ನು ಒಂದು ಕಾಗದದ ಮೇಲೆ ಬರೆದರೆ ಮನುಷ್ಯ ಕಾಣತೊಡಗುತ್ತಾನೆ. ಎದುರಾಳಿಯ ಎಲ್ಲ ಗ್ರಹಗಳನ್ನೂ ಒಂದೇ ಸಲ ನೋಡಿ: ಎಲ್ಲವೂ ಒಟ್ಟಿಗೆ ಖಾಲಿಯಾಗುವ ಹೊತ್ತು ಯಾವುದು? ಮೊದಲು ಎಚ್ಚರವಾಗುವ ಗ್ರಹ ಯಾವುದು? ಮಲಗುವಾಗ ದಾಳಿಗೆ ಸಿಗದಿರಲೆಂದು ಪಡೆಯನ್ನು ಹೊರಗೆ ಕಳುಹಿಸುವುದು ರೂಢಿ; ರಾತ್ರಿ ಕೊನೆಯದಾಗಿ ಗುರುತು ಮೂಡುವ ಜಾಗದಿಂದಲೇ ಸಾಮಾನ್ಯವಾಗಿ ಅದು ಹೊರಟಿರುತ್ತದೆ. ಕರ್ನಾಟಕದಲ್ಲಿ ಕುಳಿತು ಯುರೋಪಿನವರ ಜೊತೆ ಆಡುವವರಿಗೆ ಇಲ್ಲಿ ಒಂದು ಅನುಕೂಲವಿದೆ. ಮಧ್ಯ ಯುರೋಪಿನ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗಿನ ನಿದ್ದೆಯ ಹೊತ್ತು ಚಳಿಗಾಲದಲ್ಲಿ ನಮಗೆ ನಸುಕಿನ 3.30ರಿಂದ 11.30ರವರೆಗೆ, ಬೇಸಿಗೆಯಲ್ಲಿ 2.30ರಿಂದ 10.30ರವರೆಗೆ. ಅವರು ಹಾಸಿಗೆಯಲ್ಲಿರುವಾಗ ನಾವು ಬೆಳಗಿನ ಕಾಫಿ ಮುಗಿಸಿ ಕುಳಿತಿರುತ್ತೇವೆ. ಅದೇ ಲೆಕ್ಕ ತಿರುಗಿಸಿದರೆ, ನಮ್ಮ ನಿದ್ದೆಯ ಮೊದಲ ಅರ್ಧ ಅವರ ಸಂಜೆ. ಅಂದರೆ ನಮ್ಮ ಪಡೆ ಮನೆಯಲ್ಲೇ ಬಿದ್ದಿದ್ದರೆ ಅದನ್ನು ನೋಡಲು ಅವರಿಗೆ ಬಿಡುವೋ ಬಿಡುವು.

ಮೋಸಹೋಗುವ ಜಾಗಗಳೂ ಇವೆ. ಬೇರೆ ಯಾರೋ ಪ್ರೋಬ್ ಕಳುಹಿಸಿದರೂ, ಹೊರಗೆ ಹೋಗಿದ್ದ ಪಡೆ ಮರಳಿದರೂ ಗುರುತು ಮೂಡುತ್ತದೆ. ಅಂದಮೇಲೆ ಗುರುತು ಇದೆ ಎಂದ ಮಾತ್ರಕ್ಕೆ ಯಜಮಾನ ಎದ್ದಿದ್ದಾನೆ ಎಂದಲ್ಲ. ಗುರುತು ಇಲ್ಲದಿರುವುದು ಹೆಚ್ಚು ನಂಬಬಹುದಾದ ಸಾಕ್ಷಿ. ನಿಮ್ಮದೇ ಪ್ರೋಬ್ ಕೂಡ ಗುರುತು ಹೊತ್ತಿಸುತ್ತದೆ. ಹಾಗಾಗಿ ಮೊದಲು ಗ್ಯಾಲಕ್ಸಿ ನೋಟ, ಆಮೇಲೆ ಪ್ರೋಬ್. ಈ ಕ್ರಮ ತಪ್ಪಿದರೆ ಒಂದು ಗಂಟೆಯ ಮಾಹಿತಿ ನೀವೇ ಕೆಡಿಸಿದಂತೆ.

ಪ್ರೋಬ್: ಒಳಗೇನಿದೆ ಎಂದು ನೋಡುವುದು

ಒಂದು ಬೇಹು ಪ್ರೋಬ್‌ನ ಬೆಲೆ 1,000 ಕ್ರಿಸ್ಟಲ್. ವೇಗ ಆಟದ ಬೇರೆ ಯಾವ ನೌಕೆಗೂ ಹತ್ತಿರಕ್ಕೆ ಬಾರದ 10 ಕೋಟಿ. ಹೋಲಿಕೆಗೆ ಹೇಳುವುದಾದರೆ ಬ್ಯಾಟಲ್‌ಶಿಪ್‌ನ ಮೂಲ ವೇಗ 10,000. 20 ಮಂಡಲ ದೂರದ ಗ್ರಹವನ್ನೇ ತೆಗೆದುಕೊಳ್ಳಿ. ಸಾಧಾರಣ ವೇಗದ, ಅಂದರೆ ಒಂದರ ಗುಣಕದ ಯೂನಿವರ್ಸ್‌ನಲ್ಲಿ, ಕಂಬಷನ್ ಡ್ರೈವ್ ಎಂಬ ಎಂಜಿನ್ ಸಂಶೋಧನೆ 10ನೆಯ ಹಂತದಲ್ಲಿದ್ದರೆ ಪ್ರೋಬ್ ಒಂದು ನಿಮಿಷದ ಆಸುಪಾಸಿನಲ್ಲಿ ತಲುಪುತ್ತದೆ. ಹೈಪರ್‌ಸ್ಪೇಸ್ ಡ್ರೈವ್ 10 ಇರುವ ಬ್ಯಾಟಲ್‌ಶಿಪ್ ಪಡೆಗೆ ಅಷ್ಟೇ ದೂರಕ್ಕೆ ಒಂದು ಗಂಟೆ ಮೂರು ನಿಮಿಷ ಬೇಕು. ಪ್ರೋಬ್ ವರದಿಯ ಬಲವೂ ದೌರ್ಬಲ್ಯವೂ ಈ ಎರಡು ಸಂಖ್ಯೆಗಳ ನಡುವೆ ಇದೆ. ವರದಿ ಕೈಗೆ ಬಂದ ಕ್ಷಣದ ಸತ್ಯ ನಿಮ್ಮ ಪಡೆ ತಲುಪುವಾಗ ಒಂದು ಗಂಟೆ ಹಳೆಯದಾಗಿರುತ್ತದೆ.

ವರದಿ ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ: ಎಷ್ಟು ಪ್ರೋಬ್ ಕಳುಹಿಸಿದಿರಿ, ಮತ್ತು ಇಬ್ಬರ ಬೇಹುಗಾರಿಕೆ ತಂತ್ರಜ್ಞಾನದ ಹಂತಗಳ ನಡುವಿನ ಅಂತರ. ಇಬ್ಬರದೂ ಸಮವಾಗಿದ್ದರೆ ಒಂದು ಪ್ರೋಬ್‌ಗೆ ಸಂಪನ್ಮೂಲ, ಎರಡಕ್ಕೆ ಪಡೆ, ಮೂರಕ್ಕೆ ರಕ್ಷಣಾ ವ್ಯವಸ್ಥೆ, ಐದಕ್ಕೆ ಕಟ್ಟಡಗಳು, ಏಳಕ್ಕೆ ಸಂಶೋಧನೆ ಕಾಣುತ್ತವೆ. ಎದುರಾಳಿ ಮೇಲಿದ್ದರೆ ಅಂತರದ ವರ್ಗದಷ್ಟು ಹೆಚ್ಚು ಪ್ರೋಬ್ ಬೇಕು. ಅವನು ಎರಡು ಹಂತ ಮೇಲಿದ್ದರೆ ಪಡೆ ನೋಡಲು 6, ಮೂರು ಹಂತ ಮೇಲಿದ್ದರೆ 11, ಐದು ಹಂತ ಮೇಲಿದ್ದರೆ 27. ನೀವು ಮೇಲಿದ್ದರೆ ಅದೇ ವರ್ಗ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ: ಮೂರು ಹಂತ ಮೇಲಿದ್ದವನಿಗೆ ಒಂದೇ ಪ್ರೋಬ್ ಎಲ್ಲವನ್ನೂ ತೋರಿಸುತ್ತದೆ.

ಪ್ರೋಬ್ ಸಂಖ್ಯೆ ಹೆಚ್ಚಿಸುವುದು ಸುಲಭ ಎಂದು ಅನ್ನಿಸಬಹುದು. ಪ್ರೋಬ್ ಅಗ್ಗ, ನಿಜ. ಆದರೆ ಸಿಕ್ಕಿಬೀಳುವ ಸಾಧ್ಯತೆ ಮೂರು ಕಾರಣಗಳಿಂದ ಏರುತ್ತದೆ: ಅಲ್ಲಿ ನಿಂತಿರುವ ನೌಕೆಗಳ ಸಂಖ್ಯೆ, ನೀವು ಕಳುಹಿಸಿದ ಪ್ರೋಬ್‌ಗಳ ಸಂಖ್ಯೆ, ತಂತ್ರಜ್ಞಾನದಲ್ಲಿ ನೀವು ಹಿಂದೆ ಬಿದ್ದಿರುವ ಪ್ರಮಾಣ. ದೊಡ್ಡ ಪಡೆ ನಿಂತ ಚಂದ್ರನ ಮೇಲೆ 27 ಪ್ರೋಬ್ ಕಳುಹಿಸಿದರೆ ಅವು ಹಿಂತಿರುಗುವ ಆಸೆ ಇಟ್ಟುಕೊಳ್ಳಬಾರದು. ಪ್ರೋಬ್ ಸತ್ತರೂ ವರದಿ ಬರುತ್ತದೆ, ಆದ್ದರಿಂದ ಕ್ರಿಸ್ಟಲ್ ನಷ್ಟ ದೊಡ್ಡ ವಿಷಯವಲ್ಲ. ಸಿಕ್ಕಿಬೀಳಲಿ ಬಿಡಲಿ, ಎದುರಾಳಿಗೆ ಒಂದು ಸಂದೇಶ ಹೋಗಿಯೇ ಹೋಗುತ್ತದೆ. ಅದರಲ್ಲಿ ನಿಮ್ಮ ಗ್ರಹದ ನಿರ್ದೇಶಾಂಕವೂ ಇರುತ್ತದೆ. ಯಾರು ತನ್ನನ್ನು ಇಣುಕಿ ನೋಡಿದರು, ಎಲ್ಲಿಂದ ನೋಡಿದರು ಎಂಬುದು ಅವನಿಗೆ ತಿಳಿಯುತ್ತದೆ. ಪ್ರೋಬ್‌ನ ನಿಜವಾದ ಬೆಲೆ ಅದು.

ಇನ್ನೊಂದು ಸಣ್ಣ ಸಂಗತಿ: ನಾಶವಾದ ನೌಕೆಗಳ 30 ಶೇಕಡಾ ಅವಶೇಷವಾಗಿ ಉಳಿಯುವ ಯೂನಿವರ್ಸ್‌ನಲ್ಲಿ ಒಂದು ಪ್ರೋಬ್ ಸತ್ತರೆ 300 ಕ್ರಿಸ್ಟಲ್ ಅಲ್ಲಿ ತೇಲುತ್ತದೆ. ಯಾವುದೋ ಗ್ರಹದ ಪಕ್ಕದಲ್ಲಿ 300, 600, 900ರಂತಹ ಸಂಖ್ಯೆ ಕಂಡರೆ, ನಿಮಗಿಂತ ಮೊದಲೇ ಬೇರೆ ಯಾರೋ ಆ ಗ್ರಹದ ಮೇಲೆ ಕಣ್ಣಿಟ್ಟಿದ್ದಾರೆ ಎಂದು ತಿಳಿಯಿರಿ. ಜೊತೆಗೆ, ಪ್ರೋಬನ್ನು ಹೊಡೆಯುವಷ್ಟು ನೌಕೆಗಳು ಅಲ್ಲಿ ನಿಂತಿದ್ದವು ಎಂಬ ಸೂಚನೆಯೂ ಅದರಲ್ಲಿದೆ. ಇದಕ್ಕೆ 10 ಡ್ಯೂಟೀರಿಯಂ ಬಿಟ್ಟರೆ ಬೇರೆ ಖರ್ಚಿಲ್ಲ.

ಬೇಹುಗಾರಿಕೆ ತಂತ್ರಜ್ಞಾನದ ಮೊದಲ ಹಂತಕ್ಕೆ 200 ಮೆಟಲ್, 1,000 ಕ್ರಿಸ್ಟಲ್, 200 ಡ್ಯೂಟೀರಿಯಂ. ಪ್ರತಿ ಹಂತಕ್ಕೂ ಇಮ್ಮಡಿ. ಎಂಟನೆಯ ಹಂತಕ್ಕೆ 1.28 ಲಕ್ಷ ಕ್ರಿಸ್ಟಲ್, ಹತ್ತನೆಯದಕ್ಕೆ 5.12 ಲಕ್ಷ. ಆಟದ ಮಧ್ಯದಲ್ಲಿರುವವರಿಗೆ ಇದು ಕೈಗೆಟುಕುವ ಮೊತ್ತ. ಆದರೂ ಗಣಿ, ಶಸ್ತ್ರ, ಡ್ರೈವ್‌ಗಳ ನಂತರವೇ ಇದಕ್ಕೆ ಸರದಿ ಎಂದು ತಳ್ಳಿಬಿಡುವವರೇ ಹೆಚ್ಚು. ಇದು ನನಗೆ ಅರ್ಥವಾಗದ ಲೆಕ್ಕ. ಈ ಒಂದು ಸಂಶೋಧನೆ ನೀವು ಇತರರನ್ನು ನೋಡುವುದನ್ನು ಸುಲಭ ಮಾಡುತ್ತದೆ, ಇತರರು ನಿಮ್ಮನ್ನು ನೋಡುವುದನ್ನು ಕಷ್ಟ ಮಾಡುತ್ತದೆ, ಅದೂ ವರ್ಗದ ಲೆಕ್ಕದಲ್ಲಿ. ಬೇರೆ ಯಾವ ಸಂಶೋಧನೆಯೂ ಒಂದೇ ದುಡ್ಡಿಗೆ ಎರಡೂ ಕಡೆ ಕೆಲಸ ಮಾಡುವುದಿಲ್ಲ.

ಫ್ಯಾಲಂಕ್ಸ್: ಯಾವಾಗ ಬರುತ್ತದೆ ಎಂದು ತಿಳಿಯುವುದು

ಸೆನ್ಸರ್ ಫ್ಯಾಲಂಕ್ಸ್ ಚಂದ್ರನ ಮೇಲೆ ಮಾತ್ರ ಕಟ್ಟಬಹುದಾದ ಕಟ್ಟಡ. ಅದಕ್ಕೆ ಮೊದಲು ಅಲ್ಲಿ ಚಂದ್ರನ ನೆಲೆ ಎಂಬ ಕಟ್ಟಡದ ಒಂದು ಹಂತ ಇರಬೇಕು. ಒಮ್ಮೆ ನೋಡಲು 5,000 ಡ್ಯೂಟೀರಿಯಂ ಬೇಕು, ಮತ್ತು ಅದು ಆ ಚಂದ್ರನ ಮೇಲೆಯೇ ಇರಬೇಕು. ಆಯ್ದ ಗ್ರಹಕ್ಕೆ ಬರುತ್ತಿರುವ, ಅಲ್ಲಿಂದ ಹೊರಟ, ಅಲ್ಲಿಗೆ ಮರಳುತ್ತಿರುವ ಪಡೆಗಳು ಸೆಕೆಂಡಿನ ಲೆಕ್ಕದ ಸಮಯದೊಂದಿಗೆ ಕಾಣುತ್ತವೆ. ಯಾವ ನೌಕೆ ಎಷ್ಟಿದೆ ಎಂಬುದೂ ಕಾಣುತ್ತದೆ. ಎದುರಾಳಿಗೆ ಸುಳಿವೇ ಸಿಗುವುದಿಲ್ಲ. ಪ್ರೋಬ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಸೆಕೆಂಡಿನ ಲೆಕ್ಕಕ್ಕೆ ಏಕೆ ಅಷ್ಟು ಬೆಲೆ? ಹೊರಟ ಪಡೆಯನ್ನು ಅದರ ಯಜಮಾನ ಬೇಕೆಂದಾಗ ಹಿಂದಕ್ಕೆ ಕರೆಯಬಹುದು. ಆದರೆ ಒಮ್ಮೆ ಹಿಂತಿರುಗಲು ಶುರು ಮಾಡಿದ ಪಡೆಯನ್ನು ಯಾರೂ ಏನೂ ಮಾಡಲಾಗುವುದಿಲ್ಲ. ಅದು ಹೇಳಿದ ಹೊತ್ತಿಗೆ ಮನೆ ಸೇರಲೇಬೇಕು. ಅದು ಸೇರಿದ ಒಂದೆರಡು ಸೆಕೆಂಡಿಗೆ ನಿಮ್ಮ ದಾಳಿ ತಲುಪುವಂತೆ ಹೊರಡಿಸಿದರೆ, ಯಜಮಾನ ಪರದೆಯ ಮುಂದೆ ಕುಳಿತಿದ್ದರೂ ಅದನ್ನು ಮತ್ತೆ ಹೊರಗೆ ಕಳುಹಿಸಲು ಸಮಯ ಸಾಲದು. ದಾಳಿ ಬರುತ್ತಿರುವುದು ಅವನಿಗೆ ಕಾಣುತ್ತದೆ. ನೋಡುತ್ತಾ ಕುಳಿತಿರುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಓಗೇಮ್‌ನಲ್ಲಿ ಇದಕ್ಕಿಂತ ಕ್ರೂರವಾದ ಆಟ ಇನ್ನೊಂದಿಲ್ಲ.

ಹಾಗಾದರೆ ಎಲ್ಲರೂ ಇದನ್ನೇ ಏಕೆ ಕಟ್ಟುವುದಿಲ್ಲ? ಮೊದಲ ತೊಡಕು ಚಂದ್ರ. ಯುದ್ಧದ ಅವಶೇಷ ಒಂದು ಲಕ್ಷ ಯೂನಿಟ್ ಆದರೆ ಚಂದ್ರ ಹುಟ್ಟುವ ಸಾಧ್ಯತೆ ಶೇ 1. 20 ಲಕ್ಷಕ್ಕೆ ಶೇ 20, ಅದಕ್ಕಿಂತ ಮೇಲೆ ಏರುವುದಿಲ್ಲ. ಚಂದ್ರನಿಗಾಗಿಯೇ ಸ್ನೇಹಿತರ ಜೊತೆ ಒಪ್ಪಂದ ಮಾಡಿಕೊಂಡು ಲೈಟ್ ಫೈಟರ್ ಎಂಬ ನೌಕೆಗಳನ್ನು ಸಾಯಿಸುವವರ ಬಾಯಲ್ಲಿ 1,667 ಎಂಬ ಸಂಖ್ಯೆ ಸದಾ ಇರುತ್ತದೆ. ಒಂದು ಲೈಟ್ ಫೈಟರ್‌ಗೆ 3,000 ಮೆಟಲ್, 1,000 ಕ್ರಿಸ್ಟಲ್. 30 ಶೇಕಡಾ ಲೆಕ್ಕದಲ್ಲಿ 1,200 ಅವಶೇಷ. 20 ಲಕ್ಷ ತುಂಬಲು 1,667 ಬೇಕು. ಸುಮಾರು 67 ಲಕ್ಷ ಸುರಿದು, ಅದರಲ್ಲಿ 20 ಲಕ್ಷವನ್ನು ಅವಶೇಷ ಎತ್ತುವ ನೌಕೆಗಳಾದ ರೀಸೈಕ್ಲರ್‌ಗಳಲ್ಲಿ ಬಾಚಿಕೊಂಡರೂ, ಐದರಲ್ಲಿ ನಾಲ್ಕು ಸಲ ಆಕಾಶ ಖಾಲಿಯಾಗಿಯೇ ಉಳಿಯುತ್ತದೆ.

ಎರಡನೆಯ ತೊಡಕು ವ್ಯಾಪ್ತಿ. ಹಂತದ ವರ್ಗದಿಂದ ಒಂದು ಕಳೆದರೆ ಎಷ್ಟು ಮಂಡಲ ದೂರ ಕಾಣುತ್ತದೆ ಎಂದು ತಿಳಿಯುತ್ತದೆ. ಮೊದಲ ಹಂತಕ್ಕೆ ಸೊನ್ನೆ, ಅಂದರೆ ಸ್ವಂತ ಮಂಡಲ ಮಾತ್ರ. ಐದನೆಯ ಹಂತಕ್ಕೆ ಆಚೀಚೆ 24, ಏಳಕ್ಕೆ 48, ಹತ್ತಕ್ಕೆ 99. ಎಲ್ಲವೂ ಅದೇ ಗ್ಯಾಲಕ್ಸಿಯೊಳಗೆ. ಮೊದಲ ಹಂತದ ವೆಚ್ಚ 20,000 ಮೆಟಲ್, 40,000 ಕ್ರಿಸ್ಟಲ್, 20,000 ಡ್ಯೂಟೀರಿಯಂ, ಆಮೇಲೆ ಇಮ್ಮಡಿ. ಐದರವರೆಗೆ ಒಟ್ಟು 12.4 ಲಕ್ಷ ಕ್ರಿಸ್ಟಲ್, ಏಳರವರೆಗೆ 50.8 ಲಕ್ಷ, ಹತ್ತರವರೆಗೆ ನಾಲ್ಕು ಕೋಟಿಗೂ ಮೇಲೆ. ಅಷ್ಟು ಸುರಿದ ಮೇಲೂ 499ರಲ್ಲಿ 199 ಮಂಡಲಗಳು ಮಾತ್ರ ನಿಮ್ಮ ಕಣ್ಣಿಗೆ ಬೀಳುತ್ತವೆ. ಐದರಿಂದ ಏಳರ ನಡುವೆ ನಿಲ್ಲಿಸಿ, ಉಳಿದ ದುಡ್ಡನ್ನು ಬೇರೆ ಜಾಗದಲ್ಲಿ ಇನ್ನೊಂದು ಚಂದ್ರನಿಗೆ ಹಾಕುವುದು ಜಾಣತನ ಎಂದು ನನ್ನ ಅಭಿಪ್ರಾಯ. ಒಂದು ಎತ್ತರದ ಗೋಪುರಕ್ಕಿಂತ ಎರಡು ಕಡೆ ಎರಡು ಮಂಚಿಕೆ ಇದ್ದರೆ ಹೊಲ ಚೆನ್ನಾಗಿ ಕಾಣುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡ ತೊಡಕು: ಫ್ಯಾಲಂಕ್ಸ್‌ಗೆ ಚಂದ್ರರು ಕಾಣುವುದಿಲ್ಲ. ಚಂದ್ರನಿಂದ ಹೊರಟು ಅವಶೇಷ ಕ್ಷೇತ್ರಕ್ಕೆ ಹೋಗಿ ಮತ್ತೆ ಚಂದ್ರನಿಗೇ ಮರಳುವ ಪಡೆಯ ದಾರಿಯಲ್ಲಿ ಗ್ರಹವೇ ಬರುವುದಿಲ್ಲ. ನೋಡುವುದಕ್ಕೆ ಏನೂ ಇರುವುದಿಲ್ಲ. ಅನುಭವಿಗಳು ರಾತ್ರಿ ಪಡೆಯನ್ನು ಹೊರಗಿಡುವುದು, ಆಟದ ಭಾಷೆಯಲ್ಲಿ ಫ್ಲೀಟ್‌ಸೇವ್ ಮಾಡುವುದು, ಹೀಗೆಯೇ. ಅಂದರೆ ಫ್ಯಾಲಂಕ್ಸ್‌ನಲ್ಲಿ ಸಿಕ್ಕಿಬೀಳುವವರು ಹೆಚ್ಚಾಗಿ ಚಂದ್ರನಿಲ್ಲದವರು, ಇಲ್ಲವೇ ಸೋಮಾರಿಗಳು. ದೊಡ್ಡ ಬೇಟೆಗೆಂದು ಕಟ್ಟಿದ ಯಂತ್ರ ಸಣ್ಣ ಮೀನುಗಳನ್ನೇ ಹಿಡಿಯುತ್ತದೆ ಎಂಬ ವಿಚಿತ್ರ ಇಲ್ಲಿದೆ.

ಗ್ರಹದಿಂದ ಗ್ರಹಕ್ಕೆ ನಿಯೋಜನೆ ಎಂದು ಪಡೆ ಕಳುಹಿಸಿ ನಡುದಾರಿಯಲ್ಲಿ ಹಿಂದಕ್ಕೆ ಕರೆದರೂ ಅದು ಫ್ಯಾಲಂಕ್ಸ್‌ನಿಂದ ಮಾಯವಾಗುತ್ತದೆ. ಚಂದ್ರನಿಲ್ಲದವರಿಗೆ ಇದೇ ರಕ್ಷೆ. ಆದರೆ ಬಿರುಕು ಇದರಲ್ಲೂ ಇದೆ. ಹೊರಟ ಸಮಯ ಗೊತ್ತಿದ್ದು, ನೋಡುವವನು ಮೇಲಿಂದ ಮೇಲೆ 5,000 ಡ್ಯೂಟೀರಿಯಂ ಸುರಿದು ಮಾಯವಾದ ನಿಮಿಷವನ್ನು ಹಿಡಿದರೆ ಲೆಕ್ಕ ಮುಗಿಯಿತು: ಹೋದಷ್ಟೇ ಹೊತ್ತು ಮರಳಲೂ ಬೇಕು. 10 ಗಂಟೆಗೆ ಹೊರಟು 10.40ಕ್ಕೆ ಮಾಯವಾದದ್ದು 11.20ಕ್ಕೆ ಮನೆಯಲ್ಲಿರುತ್ತದೆ. ಇದರಿಂದ ಪಾರಾಗಬೇಕಾದರೆ ಹಿಂದಕ್ಕೆ ಕರೆಯುವುದನ್ನು ನಿಮ್ಮ ಮೇಲೆ ಯಾರೂ ಕಣ್ಣಿಟ್ಟಿರಲಾರದ ಹೊತ್ತಿಗೆ ಇಟ್ಟುಕೊಳ್ಳಬೇಕು.

ಕುರುಡು ಲೆಕ್ಕ: ಚಂದ್ರನಿಂದ ಹೊರಟವರನ್ನು ಹಿಡಿಯುವುದು

ಚಂದ್ರನಿಂದ ಅವಶೇಷಕ್ಕೆ ಹೋಗುವ ಪಡೆ ಕಾಣುವುದಿಲ್ಲ ಎಂದೆ. ಪಡೆ ಕಾಣದಿದ್ದರೂ ಅವಶೇಷ ಕಾಣುತ್ತದೆ. ಅದು ಗ್ಯಾಲಕ್ಸಿ ನೋಟದಲ್ಲಿ ಎಲ್ಲರಿಗೂ ಕಾಣುವಂಥದು. ರೀಸೈಕ್ಲರ್ ತಲುಪಿದ ಕ್ಷಣ ಅದು ಖಾಲಿಯಾಗುತ್ತದೆ. ಈ ಒಂದು ಎಳೆ ಹಿಡಿದು ಎಳೆಯುವ ವಿದ್ಯೆಗೆ ಆಟಗಾರರು ಬ್ಲೈಂಡ್ ಫ್ಯಾಲಂಕ್ಸ್ ಎನ್ನುತ್ತಾರೆ. ಇದಕ್ಕೆ ಚಂದ್ರ ಬೇಡ, ಫ್ಯಾಲಂಕ್ಸ್ ಕಟ್ಟಡ ಬೇಡ. ನಿದ್ದೆ ಕೆಡಬೇಕು, ಅಷ್ಟೇ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸೋಣ. ಎದುರಾಳಿಯ ಚಂದ್ರನ ಮೇಲೆ ರಾತ್ರಿ 10ರಿಂದ 10.05ರ ನಡುವೆ ಚಟುವಟಿಕೆಯ ಗುರುತು ಮೂಡಿತು, ಆಮೇಲೆ ಎಲ್ಲ ಕಡೆ ಮೌನ. 25 ಮಂಡಲ ಆಚೆ ಒಂದು ಅವಶೇಷ ಕ್ಷೇತ್ರವಿದೆ. ಅದು ಸರಿಯಾಗಿ 2.46ಕ್ಕೆ ಖಾಲಿಯಾಯಿತು. ಹೊರಟು ತಲುಪಲು ಸುಮಾರು ನಾಲ್ಕು ಮುಕ್ಕಾಲು ಗಂಟೆ ಹಿಡಿದಿದೆ. ಇಷ್ಟರಿಂದ ಮರಳುವ ಹೊತ್ತು ಅಂದಾಜಿಗೆ ಸಿಗುತ್ತದೆ, ಆದರೆ ಐದು ನಿಮಿಷದ ಗೊಂದಲ ಉಳಿಯುತ್ತದೆ. ಐದು ನಿಮಿಷದ ಅಂದಾಜಿನಲ್ಲಿ ದಾಳಿ ಕಳುಹಿಸಲಾಗದು.

ಇಲ್ಲಿ ಹಳೆಯ ಪ್ರೋಬ್ ವರದಿ ಕೈಹಿಡಿಯುತ್ತದೆ. ಅವನ ಸಂಶೋಧನೆಗಳು ಕಾಣುವಷ್ಟು ಆಳದ ವರದಿ ನಿಮ್ಮಲ್ಲಿದ್ದರೆ ಅವನ ಡ್ರೈವ್ ಹಂತಗಳು ನಿಮಗೆ ಗೊತ್ತು. ಪಡೆಯ ವೇಗ ಅದರಲ್ಲಿರುವ ಅತಿ ನಿಧಾನದ ನೌಕೆಯ ವೇಗ. ಇಲ್ಲಿ ಅದು ರೀಸೈಕ್ಲರ್. ಕಂಬಷನ್ ಡ್ರೈವ್ 12 ಇದ್ದು, ರೀಸೈಕ್ಲರ್‌ಗೆ ಮೇಲಿನ ಡ್ರೈವ್ ಇನ್ನೂ ಸಿಕ್ಕಿರದಿದ್ದರೆ ವೇಗ 4,400. ಸಾಧಾರಣ ವೇಗದ ಯೂನಿವರ್ಸ್‌ನಲ್ಲಿ 25 ಮಂಡಲಕ್ಕೆ ಪೂರ್ಣ ವೇಗದಲ್ಲಿ 3 ಗಂಟೆ 18 ನಿಮಿಷ. ವೇಗವನ್ನು ಸಾಮಾನ್ಯವಾಗಿ ಹತ್ತು ಶೇಕಡಾದ ಹೆಜ್ಜೆಗಳಲ್ಲಿ ಮಾತ್ರ ಇಳಿಸಬಹುದು. ಶೇ 80ಕ್ಕೆ 4 ಗಂಟೆ 8 ನಿಮಿಷ, ಶೇ 70ಕ್ಕೆ 4 ಗಂಟೆ 43 ನಿಮಿಷ, ಶೇ 60ಕ್ಕೆ ಐದೂವರೆ ಗಂಟೆ. ನಮ್ಮ ಅಂದಾಜಿಗೆ ಹೊಂದುವುದು ಒಂದೇ: ಶೇ 70. ಹಾಗಾದರೆ ಅವನು ಹೊರಟದ್ದು 10.03ರ ಆಸುಪಾಸು, ಮರಳುವುದು ಬೆಳಿಗ್ಗೆ 7.29. ಸೆಕೆಂಡಿನವರೆಗೆ ಲೆಕ್ಕ ಹಾಕಿಕೊಡುವ ಗಣಕಗಳು ಆಟಗಾರರ ನಡುವೆ ಬೇಕಾದಷ್ಟಿವೆ. ಅವಶೇಷ ಖಾಲಿಯಾದ ಕ್ಷಣವನ್ನು ನೀವು ಸೆಕೆಂಡಿಗೆ ಹಿಡಿದಿದ್ದರೆ ಮಾತ್ರ ಅವು ಉಪಯೋಗಕ್ಕೆ ಬರುತ್ತವೆ.

ಇದರ ಹುಳುಕು ಎಂದರೆ ಅವಶೇಷವನ್ನು ಖಾಲಿ ಮಾಡಿದವನು ಅವನೇ ಎಂಬುದಕ್ಕೆ ಖಾತ್ರಿ ಇಲ್ಲ. ಅದೇ ರಾತ್ರಿ ಬೇರೊಬ್ಬ ರೀಸೈಕ್ಲರ್ ಕಳುಹಿಸಿರಬಹುದು. ಲೆಕ್ಕ ಯಾವ ಶೇಕಡಾಕ್ಕೂ ಹೊಂದದಿದ್ದರೆ ಅಲ್ಲಿಗೇ ಬಿಟ್ಟು ಮಲಗುವುದು ಲೇಸು.

ಅಂಕಪಟ್ಟಿ ಮತ್ತು ಮೈತ್ರಿಕೂಟ

ಅಂಕಪಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಖರ್ಚಾದ ಪ್ರತಿ 1,000 ಸಂಪನ್ಮೂಲಕ್ಕೆ ಒಂದು ಅಂಕ. ಸೇನಾ ಅಂಕಗಳಲ್ಲಿ ರಕ್ಷಣಾ ವ್ಯವಸ್ಥೆಯೂ ಸೇರಿರುವುದರಿಂದ ಅದನ್ನಷ್ಟೇ ನೋಡಿ ಪಡೆಯ ಗಾತ್ರ ಹೇಳಲಾಗದು. ಬದಲಾವಣೆ ಮಾತ್ರ ಗಮನಿಸಬೇಕು: ಒಬ್ಬನ ಅಂಕ ರಾತ್ರೋರಾತ್ರಿ ಕುಸಿದಿದ್ದರೆ ಅವನ ಪಡೆ ಹೋಗಿದೆ, ಅವನ ನೆರೆಯಲ್ಲಿ ಯಾರೋ ಬಲವಾಗಿದ್ದಾರೆ. ಯಾರ ಮೇಲೆ ಪ್ರೋಬ್ ಹಾಕಬೇಕು ಎಂದು ಪಟ್ಟಿ ಮಾಡುವುದಕ್ಕೆ ಇದು ಸಾಕು.

ಮೈತ್ರಿಕೂಟ ಬೇರೆಯದೇ ಮಾತು. ವರದಿಗಳನ್ನು ಹಂಚಿಕೊಳ್ಳಬಹುದು, ಬೇರೆ ಬೇರೆ ಜಾಗದ ಫ್ಯಾಲಂಕ್ಸ್‌ಗಳು ಒಂದೇ ಗುರಿಯ ಮೇಲೆ ಕೆಲಸ ಮಾಡಬಹುದು, ಒಬ್ಬರು ಮಲಗಿದಾಗ ಇನ್ನೊಬ್ಬರು ಗುರುತುಗಳನ್ನು ಬರೆದುಕೊಳ್ಳಬಹುದು. ಹಳೆಯ ಯುದ್ಧದ ವರದಿಯೊಂದರಲ್ಲಿ ಎದುರಾಳಿಯ ಶಸ್ತ್ರ, ಕವಚದ ಹಂತಗಳು ಇರುತ್ತವೆ. ಅದನ್ನು ಕೇಳಿ ಪಡೆಯುವುದು ಪ್ರೋಬ್ ಹಾಕಿ ಎದುರಾಳಿಯನ್ನು ಎಚ್ಚರಿಸುವುದಕ್ಕಿಂತ ಎಷ್ಟೋ ಮೇಲು. ಎಲ್ಲವನ್ನೂ ತಾನೇ ನೋಡುವ ಬಾಟ್‌ಗಳನ್ನು ಬಳಸುವವರೂ ಇದ್ದಾರೆ. ಅದು ನಿಯಮಕ್ಕೆ ವಿರುದ್ಧ, ಖಾತೆ ಹೋಗುತ್ತದೆ. ಹೋಲಿಕೆಯಲ್ಲಿ ಅದಕ್ಕೆ ಜಾಗವಿಲ್ಲ.

ಯಾರು ಯಾವುದನ್ನು ಆರಿಸಬೇಕು

ಮೊದಲ ಕೆಲವು ವಾರಗಳಲ್ಲಿರುವವರಿಗೆ ಫ್ಯಾಲಂಕ್ಸ್ ಯೋಚನೆಯೇ ಬೇಡ. ಬೇಹುಗಾರಿಕೆ ತಂತ್ರಜ್ಞಾನವನ್ನು ಸುತ್ತಲಿನವರಿಗಿಂತ ಒಂದೆರಡು ಹಂತ ಮೇಲೆ ಇಟ್ಟುಕೊಂಡು, ಪ್ರೋಬ್ ಮತ್ತು ಗ್ಯಾಲಕ್ಸಿ ನೋಟದಲ್ಲಿ ಕೆಲಸ ನಡೆಸಿ. ಈ ಹಂತದಲ್ಲಿ ಗುರಿ ಪಡೆಗಳಲ್ಲ, ನಿಂತಿರುವ ಸಂಪನ್ಮೂಲ. ಅದಕ್ಕೆ ಒಂದು ಪ್ರೋಬ್ ಸಾಕು.

ಗಣಿಗಳನ್ನೇ ನಂಬಿ ಆಡುವವರು, ಅಂದರೆ ದಾಳಿಗಿಂತ ಬೆಳವಣಿಗೆ ಮುಖ್ಯ ಎನ್ನುವವರು, ಬೇಹುಗಾರಿಕೆಯನ್ನು ರಕ್ಷಣೆಯೆಂದು ಕಾಣಬೇಕು. ಅವರಿಗೂ ತಂತ್ರಜ್ಞಾನದ ಹಂತವೇ ಮೊದಲು, ಏಕೆಂದರೆ ಎದುರಾಳಿಗೆ 11 ಪ್ರೋಬ್ ಬೇಕಾಗುವ ಗ್ರಹಕ್ಕಿಂತ 2 ಪ್ರೋಬ್ ಸಾಕಾಗುವ ಗ್ರಹದ ಕಡೆಗೇ ಎಲ್ಲರೂ ತಿರುಗುತ್ತಾರೆ. ಚಂದ್ರ ಸಿಕ್ಕಿದರೆ ಅದರ ಮೇಲೆ ಫ್ಯಾಲಂಕ್ಸ್ ಕಟ್ಟುವ ಅಗತ್ಯವಿಲ್ಲ. ಪಡೆಯನ್ನು ಅಲ್ಲಿಂದ ಹೊರಡಿಸುವುದಕ್ಕೆ ಆ ಚಂದ್ರ ಹೆಚ್ಚು ಉಪಯೋಗ.

ಪಡೆಗಳನ್ನು ಬೇಟೆಯಾಡುವವರಿಗೆ ಫ್ಯಾಲಂಕ್ಸ್ ಬೇಕೇ ಬೇಕು, ಆದರೆ ಬೇರೆ ಕಾರಣಕ್ಕೆ. ಚಂದ್ರನ ಹಿಂದೆ ಅಡಗಿದ ದೊಡ್ಡ ಪಡೆ ಅದರಲ್ಲಿ ಸಿಗದು. ಅದಕ್ಕೆ ಕುರುಡು ಲೆಕ್ಕ, ಇಲ್ಲವೇ ಡೆತ್‌ಸ್ಟಾರ್ ಕಳುಹಿಸಿ ಚಂದ್ರನನ್ನೇ ಒಡೆಯುವ ಸಾಹಸ ಬೇಕು. ಆ ಸಾಹಸದಲ್ಲಿ ಡೆತ್‌ಸ್ಟಾರ್‌ಗಳನ್ನೇ ಕಳೆದುಕೊಳ್ಳುವ ಸಾಧ್ಯತೆಯೂ ಇದೆ, ಚಂದ್ರ ದೊಡ್ಡದಾದಷ್ಟೂ ಅದು ಹೆಚ್ಚು. ಫ್ಯಾಲಂಕ್ಸ್‌ನ ಉತ್ತಮ ಉಪಯೋಗ ಇರುವುದು ನಿಮ್ಮ ಸ್ವಂತ ದಾಳಿಯ ಕೊನೆಯ ನಿಮಿಷದಲ್ಲಿ. ನೀವು ಹೊಡೆಯಲು ಹೊರಟ ಗ್ರಹಕ್ಕೆ ಅದರ ಯಜಮಾನ ಅಥವಾ ಅವನ ಮೈತ್ರಿಕೂಟದವರು ಗುಟ್ಟಾಗಿ ಪಡೆ ತಂದು, ನಿಮಗಿಂತ ಕೆಲವೇ ಸೆಕೆಂಡು ಮೊದಲು ಇಳಿಸುವುದಕ್ಕೆ ನಿಂಜಾ ಎನ್ನುತ್ತಾರೆ. ಪ್ರೋಬ್ ಇದನ್ನು ತೋರಿಸಲಾರದು, ಅವರು ಇನ್ನೂ ತಲುಪಿರುವುದಿಲ್ಲ. ಗ್ಯಾಲಕ್ಸಿ ನೋಟವೂ ತೋರಿಸದು. ಗ್ರಹದ ಕಡೆಗೆ ಬರುತ್ತಿರುವ ಪಡೆ ಫ್ಯಾಲಂಕ್ಸ್‌ನಲ್ಲಿ ಮಾತ್ರ ಕಾಣುತ್ತದೆ, ಮತ್ತು ದಾಳಿಯನ್ನು ತಲುಪುವ ಕ್ಷಣದವರೆಗೂ ಹಿಂದಕ್ಕೆ ಕರೆಯಬಹುದು.

ಆದ್ದರಿಂದ ಆ ಚಂದ್ರನ ಮೇಲೆ ಒಂದು ಸಲ ನೋಡುವಷ್ಟಲ್ಲ, ನಾಲ್ಕೈದು ಸಲ ನೋಡುವಷ್ಟು ಡ್ಯೂಟೀರಿಯಂ ಸದಾ ಇರಲಿ: 25,000. ದಾಳಿ ಹೊರಡುವ ಮೊದಲು ಒಮ್ಮೆ, ಅರ್ಧ ದಾರಿಯಲ್ಲಿ ಒಮ್ಮೆ, ಕೊನೆಯ ನಿಮಿಷದಲ್ಲಿ ಎರಡು ಸಲ ನೋಡಿ. ಗುರಿ ಗ್ರಹವಾಗದೆ ಚಂದ್ರನಾಗಿದ್ದರೆ ಈ ಯಾವುದೂ ನಡೆಯುವುದಿಲ್ಲ. ಅಂಥ ಕಡೆ, ಎದುರಾಳಿಯ ಮೈತ್ರಿಕೂಟದವರು ಹತ್ತಿರದಲ್ಲಿ ಎಚ್ಚರವಾಗಿದ್ದಾರೆ ಎಂದು ಗುರುತುಗಳು ಹೇಳುತ್ತಿದ್ದರೆ, ಎಷ್ಟೇ ಕೊಬ್ಬಿದ ಪಡೆಯಾದರೂ ನಾನು ಕೈ ಹಾಕುವುದಿಲ್ಲ.